ಮಾಳಿಗೆ ಬಿಚ್ಚಿದ ನಾಲ್ವರು



ಕಫೆರ್ನೌಮಿನ ಆ ಮನೆ ಬಾಗಿಲಲ್ಲಿ ಕಾಲಿಡಲು ಜಾಗವಿರಲಿಲ್ಲ. ಪಾರ್ಶ್ವವಾಯು ರೋಗಿಯನ್ನು ಹೊತ್ತು ತಂದ ನಾಲ್ವರು ಹಿಂದಿರುಗಲಿಲ್ಲ; ಮಾಳಿಗೆ ಬಿಚ್ಚಿ ಅವನನ್ನು ಯೇಸುಸ್ವಾಮಿಯ ಮುಂದೆ ಇಳಿಸಿದರು. ಸ್ವಾಮಿ ಕಂಡದ್ದು ಹೊತ್ತವರ ವಿಶ್ವಾಸವನ್ನು.

ಡುಶೆನ್ ಎಂಬ ಸ್ನಾಯುಕ್ಷಯವಿರುವ ಗಂಡುಮಕ್ಕಳನ್ನು ಹೊತ್ತು ಸಾಕುವ ತಾಯಂದಿರು ಆ ನಾಲ್ವರಿಗೇನೂ ಕಡಿಮೆಯಲ್ಲ. ಐದಾರು ವರ್ಷಕ್ಕೆ ತೊಡೆ ಮೇಲೆ ಕೈಯೂರಿ ಏಳುವ ಮಗು ಹತ್ತು ಹನ್ನೆರಡರ ಹೊತ್ತಿಗೆ ನಡೆಯಲಾರದಾಗುತ್ತದೆ. ಎಲ್ಲರ ಕಣ್ಣೂ ಕಾಲಿನ ಮೇಲೆ. ಆದರೆ ಹೃದಯವೂ ಸ್ನಾಯುವೇ. ಓಡದ, ಮೆಟ್ಟಿಲು ಹತ್ತದ ಹುಡುಗನಿಗೆ ಏದುಸಿರು ಬರುವುದಿಲ್ಲ, ಹೃದಯ ಸೊರಗುತ್ತಿರುವುದು ಮನೆಯವರಿಗೆ ತಿಳಿಯುವುದೂ ಇಲ್ಲ. ಹೊಟ್ಟೆನೋವು, ವಾಂತಿ, ನಿದ್ದೆಗೇಡು ಕಾಣಿಸುವಾಗ ತಡವಾಗಿರಬಹುದು.

ಆದ್ದರಿಂದ ರೋಗ ಗೊತ್ತಾದಾಗಿನಿಂದಲೇ ವರ್ಷಕ್ಕೊಮ್ಮೆ ಇಸಿಜಿ, ಎಕೋ ಮಾಡಿಸಬೇಕು. ಎಕೋ ಚೆನ್ನಾಗಿದ್ದರೂ ಹತ್ತು ವರ್ಷ ತುಂಬುವುದರೊಳಗೆ ಪೆರಿಂಡೋಪ್ರಿಲ್, ಎನಲಾಪ್ರಿಲ್‌ನಂಥ ಮಾತ್ರೆಯ ಬಗ್ಗೆ ಹೃದಯ ವೈದ್ಯರನ್ನು ಕೇಳಿ. ಕೊಟ್ಟರೆ, "ನಮ್ಮ ಹುಡುಗನಿಗೆ ಬಿಪಿ ಇಲ್ಲವಲ್ಲ" ಎಂದು ನೀವಾಗಿಯೇ ನಿಲ್ಲಿಸಬೇಡಿ. ಫ್ರಾನ್ಸಿನಲ್ಲಿ, ಹೃದಯ ಇನ್ನೂ ಗಟ್ಟಿಯಾಗಿದ್ದ 57 ಹುಡುಗರಲ್ಲಿ 28 ಮಂದಿಗೆ ಮೊದಲಿನಿಂದಲೂ 29 ಮಂದಿಗೆ ಮೂರು ವರ್ಷ ತಡವಾಗಿಯೂ ಪೆರಿಂಡೋಪ್ರಿಲ್ ಕೊಟ್ಟರು. ಹತ್ತು ವರ್ಷದ ನಂತರ ಬದುಕಿದ್ದವರು ಮೊದಲ ಗುಂಪಿನಲ್ಲಿ 26, ಎರಡನೆಯದರಲ್ಲಿ 19 ಎಂದು 2007ರಲ್ಲಿ ಪ್ರಕಟವಾಯಿತು. ಮೂರೇ ವರ್ಷದ ತಡ!

ಹುಟ್ಟುಕುರುಡನನ್ನು ಕಂಡು ಪಾಪ ಯಾರದೆಂದು ಶಿಷ್ಯರು ಕೇಳಿದರು. ನಮ್ಮಲ್ಲಿ ಅದನ್ನು ಅತ್ತೆ ಸೊಸೆಗೆ ಕೇಳುತ್ತಾರೆ. ಸೋದರಮಾವನನ್ನು ಕಟ್ಟಿಕೊಂಡದ್ದಕ್ಕೆ ಹೀಗಾಯಿತು ಎನ್ನುವವರೂ ಉಂಟು. ಈ ಕಾಯಿಲೆಗೆ ಅದು ಕಾರಣವಲ್ಲ. ತಾಯಿಯ ವಂಶವಾಹಿಯಿಂದ ಬರಬಹುದು. ಸುಮಾರು ಮೂರರಲ್ಲೊಂದು ಸಲ ಮಗುವಿನಲ್ಲೇ ಹೊಸದಾಗಿ ಹುಟ್ಟುತ್ತದೆ. ಆ ವಂಶವಾಹಿ ಇರುವ ತಾಯಿಯ ಹೃದಯವೂ ಸೊರಗಬಹುದು. ದೂರುವುದು ಬಿಟ್ಟು ಅವಳಿಗೂ ಎಕೋ ಮಾಡಿಸಿ.

ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ, ಹೃದಯಕ್ಕೆ ಜಯದೇವ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಸ್ನಾಯುಕ್ಷಯವೂ ಸೇರಿದೆ. ಗುರುತಿನ ಚೀಟಿ ಮಾಡಿಸಿಕೊಳ್ಳಿ. ಆದರೆ ಮುಳಬಾಗಿಲಿನಿಂದಲೋ ಶ್ರೀನಿವಾಸಪುರದಿಂದಲೋ ಬೆಳೆದ ಹುಡುಗನನ್ನು ಬಸ್ಸಿನ ಮೆಟ್ಟಿಲು ಹತ್ತಿಸುವವರು ಯಾರು? ಕೂಲಿ ಬಿಟ್ಟು ಹೋದ ದಿನ ಹಸುವಿನ ಹಾಲು ಕರೆಯುವವರು ಯಾರು? ಕೋಲಾರ, ಮಾಲೂರಿನ ಯುವಕರೇ, ನಿಮ್ಮ ಧರ್ಮಕೇಂದ್ರದಲ್ಲಿ ಇಂಥ ಮನೆಯೊಂದಿದ್ದರೆ ಬರುವ ಭಾನುವಾರ ಪೂಜೆ ಮುಗಿಸಿ ಅಲ್ಲಿಗೆ ಹೋಗಿ. "ಅಮ್ಮಾ, ಕಳೆದ ಸಲ ಎಕೋ ಮಾಡಿಸಿದ್ದು ಯಾವಾಗ?" ಎಂದು ಕೇಳಿ. ಹೋಗುವ ದಿನ ಗೊತ್ತುಮಾಡಿ, ನಾಲ್ವರು ಹೆಸರು ಕೊಟ್ಟು ಬನ್ನಿ.