ಕಾರಣವಿಲ್ಲದ ಕೃಪೆ, ಹೆಸರಿಲ್ಲದ ಆತಿಥೇಯ

ಮಾಡಿದ್ದನ್ನು ಉಣ್ಣಲೇಬೇಕು ಎಂಬ ಕರ್ಮನಿಯಮವನ್ನು ಭಾರತೀಯ ದರ್ಶನಗಳಲ್ಲಿ ಹೆಚ್ಚಿನವು ಒಪ್ಪುತ್ತವೆ. ಆದರೆ ಭಕ್ತಿಗೆ ಎಡೆಗೊಟ್ಟ ದರ್ಶನಗಳು ಆ ನಿಯಮದ ಪಕ್ಕದಲ್ಲೇ ಅನುಗ್ರಹವೆಂಬ ಇನ್ನೊಂದು ತತ್ತ್ವವನ್ನೂ ಇರಿಸಿಕೊಂಡಿರುವುದರಿಂದ, ಇವೆರಡೂ ಒಂದೇ ಮನೆಯಲ್ಲಿ ಬಾಳುವುದು ಹೇಗೆ ಎಂಬ ಪ್ರಶ್ನೆ ಅವುಗಳನ್ನು ಶತಮಾನಗಳಿಂದ ಕಾಡುತ್ತ ಬಂದಿದೆ. ಫಲವೆಲ್ಲವೂ ಕರ್ಮದಿಂದಲೇ ದೊರೆಯುವುದಾದರೆ ಅನುಗ್ರಹಕ್ಕೆ ಕೆಲಸವೇ ಉಳಿಯುವುದಿಲ್ಲ. ಕರ್ಮವನ್ನು ನೋಡದೆಯೇ ಅನುಗ್ರಹ ಇಳಿಯುವುದಾದರೆ, ಒಬ್ಬನಿಗೆ ಒಲಿದು ಇನ್ನೊಬ್ಬನನ್ನು ಕೈಬಿಡುವ ದೇವರಿಗೆ ಪಕ್ಷಪಾತದ ದೋಷ ತಟ್ಟುತ್ತದೆ. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯವು ವೈಷಮ್ಯ, ನೈರ್ಘೃಣ್ಯ, ಅಂದರೆ ತಾರತಮ್ಯ ಮತ್ತು ಕರುಣೆಯಿಲ್ಲದಿರುವಿಕೆ ಎಂದು ಹೆಸರಿಸಿ ಚರ್ಚಿಸುವುದು ಇದನ್ನೇ. ವಿದ್ವಾಂಸರ ವಾದದಲ್ಲಿ ಅತಿ ಸೂಕ್ಷ್ಮವಾಗಿ ಬೆಳೆದ ಈ ತೊಡಕು ಜನಸಾಮಾನ್ಯರ ಅನುಭವಕ್ಕೆ ನೇರವಾಗಿ ಬರುವ ಜಾಗ ಒಂದಿದ್ದರೆ ಅದು ಯಾತ್ರೆಯ ದಾರಿ. ಏಕೆಂದರೆ ದೇವರನ್ನು ಕಾಣಲು ಹೊರಟ ಯಾತ್ರಿಕ ದೇವಸ್ಥಾನ ಇನ್ನೂ ದೂರವಿರುವಾಗಲೇ ಗುರುತುಪರಿಚಯವಿಲ್ಲದವರ ಕೈಯಿಂದ ನೀರನ್ನೋ ಅನ್ನವನ್ನೋ ಪಡೆದು, ಅದನ್ನು ದೇವರೇ ಕೊಟ್ಟದ್ದೆಂದು ಹೇಳುತ್ತಾನೆ. ಆ ಮಾತನ್ನು ಉಪಚಾರದ ಮಾತೆಂದು ತಳ್ಳಿಹಾಕದೆ ತತ್ತ್ವವಾಗಿ ಪರಿಶೀಲಿಸಿದರೆ ಅದು ಸಾಕಷ್ಟು ದೂರ ಕರೆದೊಯ್ಯುತ್ತದೆ.

ಈ ವಿಷಯವನ್ನು ಶ್ರೀವೈಷ್ಣವ ಆಚಾರ್ಯರಷ್ಟು ನಿಷ್ಠುರವಾಗಿ ಚರ್ಚಿಸಿದವರು ಕಡಿಮೆ. ರಾಮಾನುಜರ ನಂತರದ ಪರಂಪರೆಯಲ್ಲಿ ಪಿಳ್ಳೈ ಲೋಕಾಚಾರ್ಯರು ತಮ್ಮ ‘ಶ್ರೀವಚನಭೂಷಣ’ದಲ್ಲಿ ಭಗವಂತನ ಕೃಪೆ ನಿರ್ಹೇತುಕ, ಅಂದರೆ ಜೀವಿಯ ಕಡೆಯಿಂದ ಯಾವ ಕಾರಣವನ್ನೂ ಬೇಡದ್ದು ಎಂಬ ನಿಲುವನ್ನು ಮಂಡಿಸಿದರು, ಶರಣಾಗತಿಯೂ ಕೃಪೆಯನ್ನು ಕೊಂಡುಕೊಳ್ಳುವ ಬೆಲೆಯಲ್ಲ, ಒದಗಿದ ಕೃಪೆಯನ್ನು ತಡೆಯದೆ ಇರುವುದಷ್ಟೇ ಜೀವಿಯ ಪಾಲಿನ ಕೆಲಸ ಎಂಬುದು ಅದರ ತಾತ್ಪರ್ಯ. ವೇದಾಂತ ದೇಶಿಕರು ಕೃಪೆ ಭಗವಂತನ ಸ್ವಭಾವವೇ ಎಂದು ಒಪ್ಪಿದರೂ, ಅದು ಇವನ ಮೇಲೆ ಇಳಿದು ಅವನ ಮೇಲೆ ಇಳಿಯದಿರುವುದಕ್ಕೆ ಒಂದು ವ್ಯಾಜ, ಅಂದರೆ ಒಂದು ನೆಪವಾದರೂ ಬೇಕು, ಇಲ್ಲದಿದ್ದರೆ ಪಕ್ಷಪಾತದ ಆಕ್ಷೇಪಕ್ಕೆ ಉತ್ತರವಿರುವುದಿಲ್ಲ ಎಂದು ವಾದಿಸಿದರು. ತಾಯಿಯ ಹೊಟ್ಟೆಯನ್ನು ತಾನೇ ಅವಚಿಕೊಳ್ಳುವ ಕೋತಿಮರಿಯನ್ನೂ ತಾಯಿಯೇ ಕಚ್ಚಿ ಎತ್ತಿಕೊಂಡು ಹೋಗುವ ಬೆಕ್ಕಿನ ಮರಿಯನ್ನೂ ಮುಂದಿಟ್ಟು, ದೇಶಿಕರನ್ನು ಅನುಸರಿಸುವ ವಡಗಲೈ ಮತ್ತು ಲೋಕಾಚಾರ್ಯರನ್ನು ಅನುಸರಿಸುವ ತೆಂಗಲೈ ಪಂಥಗಳ ಭೇದವನ್ನು ವಿವರಿಸುವುದು ರೂಢಿ. ಉಪಮೆ ಸೊಗಸಾಗಿದೆಯಾದರೂ ಅದು ದೇಶಿಕರಿಗೆ ಸ್ವಲ್ಪ ಅನ್ಯಾಯ ಮಾಡುತ್ತದೆ. ಅವರ ಮತದಲ್ಲಿ ವ್ಯಾಜವೆಂಬುದು ಕೃಪೆಯನ್ನು ಸಂಪಾದಿಸುವ ದುಡಿಮೆಯಲ್ಲ, ಕೊಡಲು ಮೊದಲೇ ತವಕಿಸುತ್ತಿರುವವನು ಹುಡುಕಿಕೊಳ್ಳುವ ಸಬೂಬು.

ಈ ವಾದದ ಇಬ್ಬರು ಪ್ರಮುಖರೂ ಕೊನೆಗೆ ದಾರಿಯ ಪಾಲಾದರು ಎಂಬುದು ಗಮನಿಸತಕ್ಕ ಸಂಗತಿ. 14ನೆಯ ಶತಮಾನದ ಮೊದಲ ಭಾಗದಲ್ಲಿ ದೆಹಲಿ ಸುಲ್ತಾನರ ಸೈನ್ಯ ಶ್ರೀರಂಗದ ಮೇಲೆ ಬಿದ್ದಾಗ, ವೃದ್ಧರಾಗಿದ್ದ ಲೋಕಾಚಾರ್ಯರು ಉತ್ಸವಮೂರ್ತಿಯನ್ನು ಕಾಪಾಡಲು ಅದರೊಡನೆ ಊರು ಬಿಟ್ಟು ಹೋಗಿ ಹಾದಿಯಲ್ಲೇ ದೇಹ ಬಿಟ್ಟರೆಂದೂ, ದೇಶಿಕರು ‘ಶ್ರುತಪ್ರಕಾಶಿಕೆ’ಯ ಹಸ್ತಪ್ರತಿಯನ್ನು ಉಳಿಸಿಕೊಂಡು ಕನ್ನಡನಾಡಿಗೆ ಬಂದು ಕೊಳ್ಳೇಗಾಲದ ಬಳಿಯ ಸತ್ತೇಗಾಲದಲ್ಲಿ ನೆಲೆಸಿದರೆಂದೂ ಸಂಪ್ರದಾಯ ಹೇಳುತ್ತದೆ. ಕೃಪೆಗೆ ಕಾರಣ ಬೇಕೇ ಬೇಡವೇ ಎಂದು ಬರೆದವರಿಬ್ಬರೂ ಅಪರಿಚಿತರ ಆಸರೆಯಲ್ಲಿ ದಿನ ಕಳೆಯಬೇಕಾಗಿ ಬಂತು.

‘ಶ್ರೀವಚನಭೂಷಣ’ದಲ್ಲಿ ಯಾತ್ರೆಯ ದಾರಿಗೆ ನೇರವಾಗಿ ಸಂಬಂಧಿಸಿದ ವಿಚಾರವೊಂದಿದೆ. ಅದು ಅಜ್ಞಾತ ಸುಕೃತ, ಎಂದರೆ ಮಾಡಿದವನಿಗೇ ತಿಳಿಯದೆ ಆಗಿಹೋದ ಒಳ್ಳೆಯ ಕೆಲಸ. ಕೃಪೆ ತೋರಲು ಹೊರಟ ಭಗವಂತ ಜೀವಿಯ ಲೆಕ್ಕದಲ್ಲಿ ಏನಾದರೂ ಸಿಕ್ಕೀತೇ ಎಂದು ತಡಕಾಡುತ್ತಾನೆ. ನೀನು ಮಾತಿನ ನಡುವೆ ನನ್ನ ಊರಿನ ಹೆಸರು ಎತ್ತಿದ್ದೆ, ನನ್ನ ಭಕ್ತರ ಬಾಯಾರಿಕೆ ತಣಿಸಿದ್ದೆ, ಅವರಿಗೆ ನಿಲ್ಲಲು ನೆರಳು ಕೊಟ್ಟಿದ್ದೆ ಎಂಬಂಥ ನೆಪಗಳನ್ನು ಆತ ತಾನೇ ಹೆಕ್ಕಿ ಪುಣ್ಯದ ಕಡೆ ಬರೆದುಕೊಳ್ಳುತ್ತಾನೆ ಎಂಬುದು ಅಲ್ಲಿನ ವಾದದ ಸಾರ. ವ್ಯಾಖ್ಯಾನ ಪರಂಪರೆ ಇದಕ್ಕೆ ಕೊಡುವ ನಿದರ್ಶನಗಳು ಸೊಗಸಾಗಿವೆ: ರೈತನೊಬ್ಬ ತನ್ನ ಒಣಹೊಲಕ್ಕೆ ನೀರೆತ್ತುತ್ತಿದ್ದಾಗ ಆ ಕಡೆ ಹಾದುಹೋದ ಭಕ್ತರು ಕೈಕಾಲು ತೊಳೆದು ದಣಿವಾರಿಸಿಕೊಂಡರು, ಇನ್ನೊಬ್ಬ ಜೂಜಾಡಲೆಂದು ಕಟ್ಟಿಸಿದ ಜಗಲಿಯಲ್ಲಿ ದಾರಿಹೋಕ ಭಕ್ತರು ತಂಗಿದರು. ರೈತನಿಗೆ ಭಕ್ತರ ಮೇಲೆ ಕಣ್ಣಿರಲಿಲ್ಲ, ಜೂಜುಕೋರನಿಗಂತೂ ಧರ್ಮದ ಗೊಡವೆಯೇ ಇರಲಿಲ್ಲ; ಆದರೂ ಇಬ್ಬರೂ ಕೃಪೆಗೆ ಪಾತ್ರರು. ಯಾತ್ರಿಕನಿಗೆ ಅಪರಿಚಿತನ ಮೂಲಕ ಕೃಪೆ ಬರುತ್ತದೆಂಬ ವಾಡಿಕೆಯ ತಿಳಿವಳಿಕೆಯನ್ನು ಈ ವಿಚಾರ ತಿರುಗಿಸಿ ನಿಲ್ಲಿಸುತ್ತದೆ. ಇಲ್ಲಿ ಯಾತ್ರಿಕನ ಬಾಯಾರಿಕೆಯೇ ಉಪಕರಣ, ಕೃಪೆ ಹರಿಯುವುದು ನೀರು ಕೊಟ್ಟವನ ಕಡೆಗೆ. ದಾರಿಯ ದಯೆಯನ್ನು ಕುರಿತ ಚರ್ಚೆಗಳೆಲ್ಲ ಪಡೆದವನ ಕಣ್ಣಿನಿಂದಲೇ ನಡೆಯುವುದರಿಂದ, ಕೊಟ್ಟವನನ್ನು ಬರಿಯ ನಿಮಿತ್ತವಾಗಿ ಮಾಡಿ ಮರೆಯುವ ದೋಷ ಅವುಗಳಲ್ಲಿ ಸಾಮಾನ್ಯವಾಗಿದ್ದು, ಅದನ್ನು ತಿದ್ದಲು ಜೂಜಿನ ಜಗಲಿಯ ಈ ನಿದರ್ಶನ ಬೇಕೇ ಬೇಕು.

ಶೈವ ದರ್ಶನಗಳಲ್ಲಿ ಅನುಗ್ರಹಕ್ಕೆ ಇನ್ನೂ ಮೂಲಭೂತವಾದ ಸ್ಥಾನವಿದೆ. ಸೃಷ್ಟಿ, ಸ್ಥಿತಿ, ಸಂಹಾರ, ತಿರೋಭಾವ, ಅನುಗ್ರಹ ಎಂಬ ಶಿವನ ಪಂಚಕೃತ್ಯಗಳಲ್ಲಿ ಕೊನೆಯ ಎರಡು ಜೋಡಿಯಾಗಿ ಬರುತ್ತವೆ. ತಿರೋಭಾವವೆಂದರೆ ಮರೆಮಾಡುವಿಕೆ, ಅನುಗ್ರಹವೆಂದರೆ ಆ ಮರೆಯನ್ನು ತೆಗೆಯುವಿಕೆ. ಶೈವ ಸಿದ್ಧಾಂತವು ಜೀವಿಯ ಮಲ, ಅಂದರೆ ಅವನನ್ನು ಕಟ್ಟಿಹಾಕಿದ ಕೊಳೆ, ಪಕ್ವವಾದಾಗ ಅನುಗ್ರಹ ಇಳಿಯುತ್ತದೆನ್ನುತ್ತದೆ. ಕಾಶ್ಮೀರದ ಅಭಿನವಗುಪ್ತನಾದರೋ ‘ತಂತ್ರಾಲೋಕ’ದಲ್ಲಿ ಆ ಷರತ್ತನ್ನೂ ತಳ್ಳಿ, ಶಕ್ತಿಪಾತ, ಅಂದರೆ ಅನುಗ್ರಹದ ಇಳಿತ, ಶಿವನ ಸ್ವಾತಂತ್ರ್ಯವಲ್ಲದೆ ಬೇರಾವ ಕಾರಣಕ್ಕೂ ಒಳಪಟ್ಟದ್ದಲ್ಲ ಎನ್ನುತ್ತಾನೆ.

ಕನ್ನಡಿಗರಿಗೆ ಈ ತತ್ತ್ವಗಳ ನಡೆದಾಡುವ ರೂಪ ಶ್ರೀಶೈಲದ ಪಾದಯಾತ್ರೆಯಲ್ಲಿ ದೊರೆಯುತ್ತದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ, ಕಲಬುರಗಿ, ರಾಯಚೂರು ಮೊದಲಾದ ಜಿಲ್ಲೆಗಳಿಂದ ಪ್ರತಿವರ್ಷ ಯುಗಾದಿಯ ಹೊತ್ತಿಗೆ ಮಲ್ಲಯ್ಯನ ದರ್ಶನಕ್ಕೆಂದು ಜನ ಕಂಬಿ ಹೊತ್ತು ನಡೆದು ಹೋಗುತ್ತಾರೆ; ಕರ್ನೂಲು ದಾಟಿ ಆತ್ಮಕೂರಿನ ಕಡೆಯಿಂದ ನಲ್ಲಮಲ ಕಾಡು ಹೊಕ್ಕು, ಭೀಮನಕೊಳ್ಳದ ಏರು ಹತ್ತಿ ಕೈಲಾಸದ್ವಾರ ತಲುಪುವ ಆ ಹಾದಿಯಲ್ಲಿ, ಬೇಸಿಗೆಯ ಬಿಸಿಲು ನೆತ್ತಿಗೇರುವ ಕಾಲದಲ್ಲಿ, ಊರೂರಿನವರು ಚಪ್ಪರ ಹಾಕಿ ರೊಟ್ಟಿ, ಅನ್ನಸಾರು, ಮಜ್ಜಿಗೆ, ಶರಬತ್ತು ಕೊಡುವುದೂ ಬೊಬ್ಬೆ ಎದ್ದ ಪಾದಗಳಿಗೆ ಎಣ್ಣೆ ತಿಕ್ಕುವುದೂ ನಡೆದುಬಂದಿದೆ. ಗಡಿ ದಾಟಿದ ಮೇಲೆ ಉಣಬಡಿಸುವವರ ಮಾತು ತೆಲುಗಾಗುತ್ತದೆಯೇ ಹೊರತು ಸೇವೆಯ ರೀತಿ ಬದಲಾಗುವುದಿಲ್ಲ. ಈ ಭಾಗದ ಜನ ಇದನ್ನು ದಾನವೆಂದು ಕರೆಯದೆ ದಾಸೋಹವೆನ್ನುವುದರ ಹಿಂದೆ ಶರಣರ ವಿಚಾರವಿದೆ: ದಾನದಲ್ಲಿ ಕೊಡುವವನು ಮೇಲೆ, ಪಡೆಯುವವನು ಕೆಳಗೆ ಎಂಬ ಭಾವ ಉಳಿಯುತ್ತದೆ; ದಾಸೋಹದಲ್ಲಿ ಕೊಡುವವನೇ ದಾಸ, ಬಂದ ಅತಿಥಿ ಜಂಗಮ, ಎಂದರೆ ಚಲಿಸುವ ಶಿವ, ಆತ ಉಂಡು ಉಳಿದದ್ದು ಪ್ರಸಾದ. ಹೀಗಾಗಿ ಒಂದೇ ತುತ್ತಿನಲ್ಲಿ ಯಾತ್ರಿಕನು ಮಲ್ಲಯ್ಯನೇ ಉಣಿಸಿದನೆಂದೂ, ಉಣಿಸಿದವರು ಮಲ್ಲಯ್ಯನೇ ಬಂದು ಉಂಡನೆಂದೂ ತಿಳಿಯುತ್ತಾರೆ. ಕೃಪೆ ಕೊಟ್ಟವರಾರು ಎಂಬ ಪ್ರಶ್ನೆಗೆ ಎರಡೂ ಕಡೆಯವರು ಬೆರಳು ತೋರಿಸುವುದು ಎದುರಿಗಿರುವವರ ಕಡೆಗೇ.

ಭಗವದ್ಗೀತೆಯ 17ನೆಯ ಅಧ್ಯಾಯವು ಸಾತ್ತ್ವಿಕ ದಾನವನ್ನು ವಿವರಿಸುವಾಗ ಮರಳಿ ಉಪಕಾರ ಮಾಡಲಾರದವನಿಗೆ ಕೊಡುವುದನ್ನು ಅದರ ಒಂದು ಲಕ್ಷಣವಾಗಿ ಹೇಳುತ್ತದೆ. ಊರಿನೊಳಗಿನ ದಯೆಗೆ ಈ ಲಕ್ಷಣ ಹೊಂದುವುದು ಕಷ್ಟ. ನೆರೆಯವನಿಗೆ ಕೊಟ್ಟ ಒಂದು ಸೇರು ಜೋಳ ಇಂದಲ್ಲ ನಾಳೆ ಬೇರೆ ರೂಪದಲ್ಲಿ ಹಿಂದಕ್ಕೆ ಬರುತ್ತದೆ, ಬಾರದಿದ್ದರೆ ಮನಸ್ಸಿನಲ್ಲಿ ಉಳಿಯುತ್ತದೆ. ಯಾತ್ರಿಕ ಮಾತ್ರ ನಾಳೆ ಇನ್ನೊಂದು ಊರಿನಲ್ಲಿರುವವನು, ಅವನ ಹೆಸರೂ ಗೊತ್ತಿಲ್ಲ, ಅವನು ತೀರಿಸಬೇಕೆಂದರೂ ತೀರಿಸಲು ಬಾಗಿಲು ಸಿಗುವುದಿಲ್ಲ. ಋಣವಾಗಿ ಹಿಂತಿರುಗಲಾರದ, ಸಂಬಳವಾಗಿ ಬಂದಿರದ ಈ ಸಹಾಯವನ್ನು ಲೋಕದ ಲೆಕ್ಕದ ಯಾವ ಕಲಮಿಗೂ ಸೇರಿಸಲಾಗದೆ ಯಾತ್ರಿಕ ಅದನ್ನು ದೇವರ ಹೆಸರಿಗೆ ಬರೆಯುತ್ತಾನೆ, ಮತ್ತು ಅನುಗ್ರಹದ ತತ್ತ್ವ ಸಾಮಾನ್ಯರ ಅನುಭವದಲ್ಲಿ ಬೇರೂರುವುದು ಬಹುಶಃ ಈ ಬಿಂದುವಿನಲ್ಲೇ.

ಹಾಗೆಂದು ದಾರಿಯಲ್ಲಿ ಆದದ್ದೆಲ್ಲವನ್ನೂ ಅನುಗ್ರಹವೆನ್ನುವುದು ಸರಿಯೇ? ನರ್ಮದಾ ಪರಿಕ್ರಮೆಯ ಸಂಪ್ರದಾಯ ಈ ಪ್ರಶ್ನೆಯನ್ನು ತೀಕ್ಷ್ಣವಾಗಿ ಒಡ್ಡುತ್ತದೆ. ಅಮರಕಂಟಕದಿಂದ ಖಂಭಾತ ಕೊಲ್ಲಿಯವರೆಗೆ ಸುಮಾರು 1,300 ಕಿಲೋಮೀಟರು ಹರಿಯುವ ಆ ನದಿಯನ್ನು ಎಲ್ಲೂ ದಾಟದೆ, ಸದಾ ಬಲಕ್ಕಿಟ್ಟುಕೊಂಡು ಎರಡೂ ದಡಗಳಲ್ಲಿ ನಡೆಯುವವರು ಹಣ ಕಟ್ಟಿಕೊಳ್ಳದೆ ಸದಾವ್ರತವೆಂಬ ಹಿಟ್ಟುಬೇಳೆಯ ಭಿಕ್ಷೆಯಿಂದ ಬದುಕುವುದು ಹಳೆಯ ಪದ್ಧತಿ. ಹಸಿದಾಗ ಒದಗಿದವರನ್ನು ಸಾಕ್ಷಾತ್ ನರ್ಮದಾ ಮಾಯಿಯೆಂದೇ ಅವರು ನಂಬುತ್ತಾರೆ. ಇದೇ ಹಾದಿಯ ಶೂಲಪಾಣಿ ಝಾಡಿಯಲ್ಲಿ ಹಿಂದೆ ಯಾತ್ರಿಕರ ಬಟ್ಟೆಬರೆಯನ್ನೆಲ್ಲ ಅಲ್ಲಿನ ಬಡ ಭಿಲ್ಲರು ಕಿತ್ತುಕೊಳ್ಳುತ್ತಿದ್ದುದುಂಟು, ಅದನ್ನೂ ಮಮಕಾರ ಕಳೆಯಲು ಮಾಯಿ ಮಾಡಿಸಿದ ಕೃಪೆಯೆಂದೇ ಭಕ್ತರು ಅರ್ಥೈಸಿದರು. ತಿರೋಭಾವವೂ ಕೊನೆಗೆ ಅನುಗ್ರಹಕ್ಕಾಗಿಯೇ ಎನ್ನುವ ಶೈವರಿಗೆ ಈ ವ್ಯಾಖ್ಯಾನ ಒಪ್ಪಿಗೆಯಾದೀತು. ಆದರೆ ಕೊಡುವುದೂ ಕಸಿಯುವುದೂ ಸಮಾನವಾಗಿ ಕೃಪೆಯಾದರೆ ಆ ಪದ ಯಾವುದನ್ನೂ ಗುರುತಿಸಿ ತೋರಿಸದಂತಾಗುತ್ತದೆ, ಜೊತೆಗೆ ಭಿಲ್ಲರ ಹಸಿವು ಯಾತ್ರಿಕನ ವೈರಾಗ್ಯದ ಕಥೆಯೊಳಗೆ ಕರಗಿ ಕಾಣದಾಗುತ್ತದೆ.

ದಾರಿಯ ದಯೆ ಎಲ್ಲರಿಗೂ ಒಂದೇ ತೆರನಾಗಿ ದೊರೆತದ್ದೂ ಇಲ್ಲ. ಆಳಂದಿಯಿಂದ ಪಂಢರಪುರಕ್ಕೆ ಆಷಾಢ ಏಕಾದಶಿಯ ಹೊತ್ತಿಗೆ ನಡೆಯುವ ವಾರಿಯಲ್ಲಿ ಅಪರಿಚಿತರು ಒಬ್ಬರನ್ನೊಬ್ಬರು ‘ಮಾವುಲಿ’, ಅಂದರೆ ತಾಯಿ, ಎಂದು ಕರೆದು ಪರಸ್ಪರ ಕಾಲು ಮುಟ್ಟುತ್ತಾರೆ; ಆದರೂ ಆ ದಾರಿಯನ್ನು ಸ್ವತಃ ನಡೆದ ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆ, ಒಂದೇ ದಿಂಡಿಯಲ್ಲಿ, ಅಂದರೆ ಯಾತ್ರಿಕರ ತಂಡದಲ್ಲಿ, ಹಾಡುತ್ತ ಬಂದ ಬ್ರಾಹ್ಮಣರೂ ಮರಾಠರೂ ಊಟಕ್ಕೆ ಬೇರೆ ಬೇರೆ ಕೂರುತ್ತಿದ್ದುದನ್ನು ನೋವಿನಿಂದ ದಾಖಲಿಸಿದ್ದಾರೆ. ಅವರ ಆ ಬರಹ 1962ರಲ್ಲಿ ಇಂಗ್ಲಿಷಿನಲ್ಲೂ ಬಂದಿತು. ಸಂತ ಚೋಖಾಮೇಳನನ್ನು ಜಾತಿಯ ಕಾರಣಕ್ಕೆ ಅದೇ ಪಂಢರಪುರದಲ್ಲಿ ಗುಡಿಯ ಹೊರಗೇ ನಿಲ್ಲಿಸಲಾಗಿತ್ತು. ಕೃಪೆಗೆ ಕಾರಣ ಬೇಡ ಎಂದ ಸಮಾಜವೇ ಅನ್ನ ಬಡಿಸುವಾಗ ಜಾತಿ ಕೇಳಿತು ಎಂಬುದನ್ನು ಬದಿಗಿಟ್ಟು ನಿರ್ಹೇತುಕ ಕೃಪೆಯನ್ನು ಕುರಿತು ಮಾತನಾಡುವುದು ಅರ್ಧ ಸತ್ಯ.

ಈಚೆಗೆ ಯಾತ್ರೆಯ ದಾರಿಗಳಲ್ಲಿ ದಾಸೋಹದ ಚಪ್ಪರಗಳ ಮುಂದೆ ಕೊಟ್ಟವರ ಭಾವಚಿತ್ರವಿರುವ ಫ್ಲೆಕ್ಸುಗಳು ಎದ್ದು ನಿಂತಿವೆ. ಚುನಾವಣೆ ಹತ್ತಿರವಿದ್ದ ವರ್ಷ ಅವುಗಳ ಅಳತೆಯೂ ದೊಡ್ಡದಾಗುತ್ತದೆ. ಗೀತೆಯ ಅಳತೆಗೋಲಿನಲ್ಲಿ, ಫಲವನ್ನು ಮನಸ್ಸಿನಲ್ಲಿಟ್ಟುಕೊಂಡು ಕೊಟ್ಟ ಆ ದಾನ ರಾಜಸವೇ ಸರಿ, ಶರಣರ ದೃಷ್ಟಿಯಲ್ಲಿ ಅದು ದಾಸೋಹವೂ ಆಗಲಾರದು. ಲೋಕಾಚಾರ್ಯರ ವಿಚಾರ ಮಾತ್ರ ಇಲ್ಲಿ ಮುಜುಗರವಾಗುವಷ್ಟು ಉದಾರವಾಗಿದೆ: ಜೂಜಿಗೆ ಕಟ್ಟಿಸಿದ ಜಗಲಿ ಲೆಕ್ಕಕ್ಕೆ ಬರುವುದಾದರೆ, ಮತಕ್ಕಾಗಿ ಕೊಡಿಸಿದ ಮಜ್ಜಿಗೆಯೂ ಬರುತ್ತದೆ, ಬಿಸಿಲಿಗೆ ಅಡ್ಡವಾಗಿ ನಿಂತ ಫ್ಲೆಕ್ಸಿನ ನೆರಳೂ ಬರುತ್ತದೆ.