ವರ್ತಮಾನಕಾಲದಲ್ಲಿ ಅಪ್ಪ

ಸ್ಪ್ಯಾನಿಷ್ ತರಗತಿಯ ಮೂರನೆಯ ವಾರ ನಾನೊಂದು ಸುಳ್ಳು ಹೇಳಿದೆ. ಅದು ಸುಳ್ಳು ಹೌದೋ ಅಲ್ಲವೋ ಎಂಬುದು ಇವತ್ತಿಗೂ ಪೂರ್ತಿ ಬಗೆಹರಿದಿಲ್ಲ.

ನಾವಿದ್ದದ್ದು ಆರೇ ಜನ. ಶನಿವಾರ ಬೆಳಿಗ್ಗೆ ಬೆಂಗಳೂರಿನ ಒಂದು ಮನೆಯ ಮಹಡಿಯಲ್ಲಿ ದುಂಡಗೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದೆವು. ಇಂಗ್ಲಿಷೂ ಬೇಡ, ಕನ್ನಡವೂ ಬೇಡ, ಬಂದಷ್ಟು ಸ್ಪ್ಯಾನಿಷ್‌ನಲ್ಲೇ ಮಾತಾಡಿ ಎಂದು ಮೇಡಂ ಮೊದಲ ದಿನವೇ ಹೇಳಿದ್ದರು. ದೊಡ್ಡ ತರಗತಿಯಾದರೆ ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂರಬಹುದು. ಆರು ಜನರಲ್ಲಿ ಆ ಸೌಲಭ್ಯವಿಲ್ಲ. ಐದು ನಿಮಿಷಕ್ಕೆ ಸರದಿ ಬರುತ್ತದೆ. ಆರಂಭದ ಪಾಠದ ಪ್ರಶ್ನೆಗಳೆಲ್ಲ ಮನೆಯವು: ಊರು ಯಾವುದು, ಅಣ್ಣತಮ್ಮಂದಿರು ಎಷ್ಟು, ಅಪ್ಪ ಏನು ಮಾಡುತ್ತಾರೆ. ವ್ಯಾಕರಣ ಸುಲಭವಿರಲಿ ಎಂದು ಆರಿಸಿದ ಪ್ರಶ್ನೆಗಳು. ಭಾಷೆ ಕಲಿಸುವ ಪುಸ್ತಕಗಳಲ್ಲಿ ಎಲ್ಲರ ಅಪ್ಪಂದಿರೂ ಬದುಕಿರುತ್ತಾರೆ.

ನನಗಾಗ ಗೊತ್ತಿದ್ದದ್ದು ವರ್ತಮಾನಕಾಲ ಒಂದೇ. 'ಮಿ ಪಾದ್ರೆ ಎಸ್ ಪ್ರೊಫೆಸೋರ್' ಎಂದೆ. ನಮ್ಮಪ್ಪ ಮೇಷ್ಟ್ರು. ಅವರು ತೀರಿಕೊಂಡು ಆಗ ನಾಲ್ಕು ವರ್ಷವಾಗಿತ್ತು.

ಆಮೇಲೆ ವಾರವಾರವೂ ಅಪ್ಪ ಬೆಳೆದರು. ಗಣಿತ ಕಲಿಸುತ್ತಾರೆ, ಬೆಳಿಗ್ಗೆ ನಡೆಯುತ್ತಾರೆ, ಕಾಫಿ ಇಷ್ಟ. ಕ್ರಿಯಾಪದದ ಕಾಲವೊಂದನ್ನು ಬಿಟ್ಟರೆ ಎಲ್ಲವೂ ನಿಜ. ಬಾಗಿಲಿಗೆ ಬಂದ ಕೊಲೆಗಾರನಿಗೂ ಸುಳ್ಳು ಹೇಳಬಾರದೆಂದು 1797ರ ಪ್ರಬಂಧದಲ್ಲಿ ವಾದಿಸಿದ ಕಾಂಟ್ ನನ್ನನ್ನು ಬಿಡುತ್ತಿರಲಿಲ್ಲ. ಆದರೆ ನನಗೊಂದು ಸಮರ್ಥನೆಯಿತ್ತು. ಅಶ್ವತ್ಥಾಮ ಸತ್ತನೆಂದ ಧರ್ಮರಾಯನಿಗೆ ಇಡೀ ಭಾಷೆ ಗೊತ್ತಿತ್ತು. ಏನನ್ನು ಗಟ್ಟಿಯಾಗಿ ಹೇಳಬೇಕು, ಏನನ್ನು ಗೊಣಗಬೇಕು ಎಂಬುದೂ ಗೊತ್ತಿತ್ತು. ನನ್ನ ಬಳಿ ಭೂತಕಾಲವೇ ಇರಲಿಲ್ಲವಲ್ಲ!

ಮೂರನೆಯ ತಿಂಗಳಲ್ಲಿ ಭೂತಕಾಲ ಬಂತು. 'ಎಸ್' ಅಂದರೆ ಇದ್ದಾರೆ, 'ಎರಾ' ಅಂದರೆ ಇದ್ದರು. ಆ ಶನಿವಾರವೂ ನಾನು 'ಎಸ್' ಎಂದೇ ಹೇಳಿದೆ. ಹಿಂದಿನದನ್ನು ತಿದ್ದಲು ಸಂಕೋಚವಿತ್ತು, ನಿಜ. ಆದರೆ ಅಷ್ಟೇ ಅಲ್ಲ. ಊರಲ್ಲೆಲ್ಲೂ ಇಲ್ಲದ ಅಪ್ಪ ಆ ಮಹಡಿಯಲ್ಲಿ ಮಾತ್ರ ವಾರಕ್ಕೊಮ್ಮೆ ಕಾಫಿ ಕುಡಿಯುತ್ತಿದ್ದರು.

ನಮ್ಮ ಗುಂಪಿನಲ್ಲಿ ನಿವೃತ್ತರೊಬ್ಬರಿದ್ದರು. ಮಗ ಮ್ಯಾಡ್ರಿಡ್‌ನಲ್ಲಿದ್ದಾನೆಂದು ಕಲಿಯಲು ಬಂದವರು. ಒಂದು ದಿನ ಮೆಟ್ಟಿಲಿಳಿಯುವಾಗ ಕನ್ನಡದಲ್ಲೇ ಕೇಳಿದರು: "ನಿಮ್ಮ ತಂದೆಯವರು ಗಣಿತದ ಮೇಷ್ಟ್ರಲ್ವೇ? ನನ್ನ ಮೊಮ್ಮಗಳಿಗೆ ಸ್ವಲ್ಪ ಹೇಳಿಕೊಡ್ತಾರಾ?"

"ಅವರು ಇಲ್ಲ ಸಾರ್," ಎಂದೆ.

"ಊರಲ್ಲಿಲ್ವಾ? ಪರವಾಗಿಲ್ಲ, ಬಂದ ಮೇಲೆ ಕೇಳಿ."

ಕನ್ನಡದ 'ಇಲ್ಲ' ಕೂಡ ನನ್ನನ್ನು ಅಡಗಿಸಿಡಲು ಸಿದ್ಧವಿತ್ತು. ಬಿಡಿಸಿ ಹೇಳಿದೆ. ಅವರು ಕಂಬಿ ಹಿಡಿದು ನಿಂತರು. ಬೈಯಲಿಲ್ಲ. ಚೀಲದಿಂದ ನೋಟ್‌ಬುಕ್ ತೆಗೆದು ಒಂದು ಪುಟ ತೋರಿಸಿದರು. ಮುಂದಿನ ವಾರ ನನ್ನನ್ನು ಕೇಳಲೆಂದು ನಿಘಂಟು ನೋಡಿ ಬರೆದುಕೊಂಡಿದ್ದ ನಾಲ್ಕು ಪ್ರಶ್ನೆಗಳು. ನಾಲ್ಕೂ ಅಪ್ಪನ ಬಗ್ಗೆ.

ಆವರೆಗೆ ನಾನು ಲೆಕ್ಕ ಹಾಕುತ್ತಿದ್ದದ್ದು ನನ್ನ ಉದ್ದೇಶವನ್ನು ಮಾತ್ರ. ಕೇಳುವವರ ಶ್ರಮ ಆ ಲೆಕ್ಕದಲ್ಲೇ ಇರಲಿಲ್ಲ. ತಾಯ್ನುಡಿಯಲ್ಲಿ ಅರ್ಧ ಕಿವಿಯಲ್ಲಿ ಕೇಳಿದರೂ ನಡೆಯುತ್ತದೆ. ಹೊಸ ಭಾಷೆಯಲ್ಲಿ ಎದುರಿನವರು ನಮ್ಮ ಒಂದೊಂದು ಪದವನ್ನೂ ಹುಬ್ಬು ಗಂಟಿಕ್ಕಿಕೊಂಡು ಹೆಕ್ಕಿಕೊಳ್ಳುತ್ತಾರೆ. ಅಷ್ಟು ಕಷ್ಟಪಟ್ಟು ಕೇಳಿಸಿಕೊಂಡವರಿಗೆ ನಾನು ಕೊಟ್ಟದ್ದೇನು? ಕ್ಷಮೆ ಕೇಳಿದೆ. "ಇರಲಿ ಬಿಡಿ," ಎಂದರು, ಮುಖ ನೋಡದೆ.

ಮುಂದಿನ ಶನಿವಾರ ಎಲ್ಲರೆದುರು ಹೇಳಿದೆ: 'ಮಿ ಪಾದ್ರೆ ಎಸ್ತಾ ಮುಎರ್ತೋ.' ಸ್ಪ್ಯಾನಿಷ್‌ನಲ್ಲಿ 'ಇರು'ವುದಕ್ಕೆ ಎರಡು ಕ್ರಿಯಾಪದ. ಸ್ವಭಾವಕ್ಕೆ 'ಸೆರ್', ದಣಿವು, ಜ್ವರದಂಥ ಸ್ಥಿತಿಗೆ 'ಎಸ್ತಾರ್' ಎಂದು ಕಲಿತಿದ್ದೆವು. ಸಾವಿಗೆ ಬರುವುದು ಈ ಎರಡನೆಯದು. ಶಾಶ್ವತವಾದದ್ದಕ್ಕೆ ಇದ್ಯಾಕೆ ಎಂದು ಒಬ್ಬರು ಕೇಳಿದರು. ಬದಲಾವಣೆಯಿಂದ ಉಂಟಾದ ಸ್ಥಿತಿ, ಅದಕ್ಕೆ, ಎಂದರು ಮೇಡಂ. ಕೋಣೆ ಸುಮ್ಮನಾಯಿತು.

ಆಗ ಆ ಹಿರಿಯರು ನೋಟ್‌ಬುಕ್ ಬಿಚ್ಚಿದರು. ಮೊದಲ ಪ್ರಶ್ನೆಯ ಕ್ರಿಯಾಪದವನ್ನು ಪೆನ್ಸಿಲ್ಲಿನಲ್ಲಿ ಹೊಡೆದುಹಾಕಿ, ಮೇಲೆ ಬೇರೆ ಬರೆದು, ನಿಧಾನ ಓದಿದರು: 'ಕೋಮೋ ಎರಾ?' ಹೇಗಿದ್ದರು?

'ಎರಾ ಆಲ್ತೋ,' ಎಂದು ಶುರುಮಾಡಿದೆ. ಎತ್ತರದ ಆಳಾಗಿದ್ದರು.