ತಲಾಂತನ್ನು ಹೂತವರು ಯಾರು?



ಕೆಲವು ವರ್ಷಗಳ ಹಿಂದಿನ ಮಾತು. ಭಾನುವಾರದ ಬಲಿಪೂಜೆ ಮುಗಿಸಿ ಪೂಜಾವಸ್ತ್ರ ಕಳಚುತ್ತಿದ್ದಾಗ ಚಿಕ್ಕಬಳ್ಳಾಪುರದ ಕಡೆಯ ಒಬ್ಬ ತಾಯಿ ಬಾಗಿಲ ಬಳಿ ಬಂದು ನಿಂತರು. ಅವರ ಮಗ ಅಮೆರಿಕದಲ್ಲಿ ಕೆಲಸದಲ್ಲಿದ್ದಾನೆ. ಸೊಸೆ ಶಿಡ್ಲಘಟ್ಟದ ಕಡೆಯ ಹುಡುಗಿ. ಚಿಂತಾಮಣಿಯಲ್ಲಿ ಬಿ.ಎಸ್ಸಿ. ಓದಿದವಳು, ಗಣಿತದಲ್ಲಿ ಜಾಣೆ. ಮದುವೆಯಾದ ಮೇಲೆ ಗಂಡನ ಜೊತೆ ಹೊರಟುಹೋದಳು.

"ಫಾದರ್, ನಮ್ಮ ಸೊಸೆ ಅಲ್ಲಿ ಮತ್ತೆ ಕಾಲೇಜಿಗೆ ಸೇರ್ತೀನಿ ಅಂತಾಳೆ. ಕಂಪ್ಯೂಟರ್ ಸೈನ್ಸ್ ಓದ್ಬೇಕಂತೆ. ಎರಡು ವರ್ಷದ ಮಗು ಇದೆ. ನನ್ನ ಮಾತು ಕೇಳಲ್ಲ. ನೀವು ಒಂದು ಮಾತು ಹೇಳಿದ್ರೆ ಕೇಳ್ತಾಳೆ."

ನಾನು ಫೋನ್ ಮಾಡಿದೆ. ಹತ್ತು ನಿಮಿಷ ಮಾತನಾಡಿದೆವು. ಅದರಲ್ಲಿ ಒಂಬತ್ತು ನಿಮಿಷ ಮಾತನಾಡಿದವನು ನಾನೇ. ತಾಯ್ತನದ ಮಹತ್ವ ಹೇಳಿದೆ, ವಿವಾಹ ಸಂಸ್ಕಾರದ ಬಗ್ಗೆ ಹೇಳಿದೆ, ಮಗು ದೊಡ್ಡದಾಗಲಿ ಎಂದೆ. ಆ ಕಡೆಯಿಂದ ಬಂದದ್ದು ಎರಡೇ ಮಾತು: "ಆಗಲಿ ಫಾದರ್." ಒಂದು ಮನೆಯ ಜಗಳ ತಪ್ಪಿಸಿದೆನೆಂದು ಆ ರಾತ್ರಿ ನೆಮ್ಮದಿಯಾಗಿ ಮಲಗಿದೆ.

ಮೂರು ವರ್ಷಗಳ ನಂತರ ಆಕೆ ತಂಗಿಯ ಮದುವೆಗೆಂದು ಊರಿಗೆ ಬಂದಳು. ದೇವಾಲಯದ ಅಂಗಳದಲ್ಲಿ ಸಿಕ್ಕಿದಳು. ನಡುವೆ ಒಮ್ಮೆ ಗಂಡನ ಕೆಲಸ ಹೋಗಿತ್ತಂತೆ. ಆ ದೇಶದಲ್ಲಿ ಎಚ್-1ಬಿ ವೀಸಾದ ಮೇಲೆ ಇರುವವನ ವಾಸ ಅವನ ಕೆಲಸಕ್ಕೆ ಕಟ್ಟಿದ್ದು. ಎಚ್-4 ವೀಸಾದ ಮೇಲೆ ಇರುವ ಹೆಂಡತಿಯ ವಾಸ ಗಂಡನ ವಾಸಕ್ಕೆ ಕಟ್ಟಿದ್ದು. ಕೆಲಸ ಹೋದರೆ ಬೇರೆ ದಾರಿ ಕಂಡುಕೊಳ್ಳಲು 2017ರಲ್ಲಿ ಜಾರಿಗೆ ಬಂದ ನಿಯಮದಂತೆ ಹೆಚ್ಚೆಂದರೆ 60 ದಿನ. ಆ ದಿನಗಳು ಮುಗಿಯುತ್ತಾ ಬಂದಾಗ ಅವನಿಗೆ ಬೇರೆ ಕೆಲಸ ಸಿಕ್ಕಿತು.

"ಅಷ್ಟು ದಿನ ಪೆಟ್ಟಿಗೆ ಕಟ್ಟಿಟ್ಟುಕೊಂಡು ಕೂತಿದ್ದೆ ಫಾದರ್. ಅದು ಹೋಗಲಿ, ಕಷ್ಟ ಎಲ್ಲರಿಗೂ ಬರುತ್ತೆ. ಆದರೆ ನೀವು ಅವತ್ತು ಫೋನ್ ಮಾಡಿದಾಗ ಎಲ್ಲಾ ಹೇಳಿದಿರಿ. ನಿನ್ನ ಮನಸ್ಸಲ್ಲೇನಿದೆ ಅಂತ ಮಾತ್ರ ಕೇಳಲಿಲ್ಲ."

ಪ್ರಿಯರೇ, ನಾನು ಎಷ್ಟೋ ಜನರ ಪಾಪನಿವೇದನೆ ಕೇಳಿದ್ದೇನೆ. ಅಂದು ಆ ಅಂಗಳದಲ್ಲಿ ನಿವೇದನೆ ಮಾಡಬೇಕಾದವನು ನಾನಾಗಿದ್ದೆ.

ಮತ್ತಾಯನ ಶುಭಸಂದೇಶದ 25ನೇ ಅಧ್ಯಾಯದ ಸಾಮತಿ ನಿಮಗೆಲ್ಲ ಗೊತ್ತು. ಯಜಮಾನನು ದೂರದೇಶಕ್ಕೆ ಹೊರಡುವಾಗ ಒಬ್ಬನಿಗೆ ಐದು, ಒಬ್ಬನಿಗೆ ಎರಡು, ಒಬ್ಬನಿಗೆ ಒಂದು ತಲಾಂತು ಒಪ್ಪಿಸಿ ಹೋದ. ಮೊದಲಿಬ್ಬರು ದುಡಿದು ಇಮ್ಮಡಿ ಮಾಡಿದರು. ಮೂರನೆಯವನು ಹೆದರಿ ನೆಲ ಅಗೆದು ಹೂತಿಟ್ಟ. ನಾವು ಈ ಸಾಮತಿಯ ಮೇಲೆ ಪ್ರಬೋಧನೆ ಮಾಡುವಾಗಲೆಲ್ಲ ಆ ಮೂರನೆಯವನನ್ನು ಸೋಮಾರಿ ಎಂದು ಬಯ್ಯುತ್ತೇವೆ. ಆದರೆ ನಮ್ಮ ಮನೆಗಳಲ್ಲಿ ನಡೆಯುವುದೇ ಬೇರೆ. ಇಲ್ಲಿ ತಲಾಂತು ಪಡೆದವಳು ದುಡಿಸಲು ಸಿದ್ಧಳಾಗಿ ನಿಂತಿರುತ್ತಾಳೆ. ಗುಂಡಿ ಅಗೆಯುವವರು ಅಕ್ಕಪಕ್ಕದವರು. ಅಪ್ಪ ಒಂದು ಗುದ್ದಲಿ ಮಣ್ಣು ಹಾಕುತ್ತಾನೆ, ಅತ್ತೆ ಒಂದು, ಗಂಡ ಒಂದು. ಕೊನೆಗೆ ಗುರುವೂ ಬಂದು ಒಂದು ಗುದ್ದಲಿ ಹಾಕಿ ಆಶೀರ್ವದಿಸಿ ಹೋಗುತ್ತಾನೆ. ಯಜಮಾನನು ಹಿಂದಿರುಗಿ ಲೆಕ್ಕ ಕೇಳಿದಾಗ ಉತ್ತರ ಹೇಳಬೇಕಾದವರು ಯಾರು? ಆಕೆ ಒಬ್ಬಳೇ ಏನು?

ಶಿಡ್ಲಘಟ್ಟದವರಿಗೆ ರೇಷ್ಮೆ ಗೂಡಿನ ವಿಷಯ ನಾನು ಹೇಳಿಕೊಡಬೇಕಾಗಿಲ್ಲ. ನೂಲು ತೆಗೆಯುವ ಗೂಡಿನೊಳಗಿನ ಜೀವ ಚಿಟ್ಟೆಯಾಗಿ ಹೊರಬಂದರೆ ಎಳೆ ತುಂಡಾಗುತ್ತದೆ. ಅದಕ್ಕೇ ಅದನ್ನು ಬಿಸಿಗೆ ಹಾಕುತ್ತಾರೆ. ಆದರೆ ಎಲ್ಲ ಗೂಡುಗಳನ್ನೂ ಹಾಗೆ ಮಾಡಿದರೆ ಮುಂದಿನ ಬೆಳೆಗೆ ಮೊಟ್ಟೆ ಎಲ್ಲಿಂದ ಬರಬೇಕು? ಆದ್ದರಿಂದ ಬಿತ್ತನೆ ಗೂಡನ್ನು ಬೇರೆಯಾಗಿಟ್ಟು, ಚಿಟ್ಟೆ ಹೊರಬರುವವರೆಗೆ ಕಾಯುತ್ತಾರೆ. ಮನೆಯ ಎಳೆ ತುಂಡಾಗಬಾರದೆಂಬ ಆಸೆಯಲ್ಲಿ ತಪ್ಪಿಲ್ಲ. ಆದರೆ ಆ ಆಸೆಗಾಗಿ ಒಳಗಿರುವ ಜೀವವನ್ನೇ ಬೇಯಿಸಿಬಿಟ್ಟರೆ ಮುಂದಿನ ತಲೆಮಾರಿಗೆ ನಾವು ಕೊಡುವುದೇನು?

ವಲಸೆ ಹೋದ ಸೊಸೆಯ ಕಥೆ ಪವಿತ್ರ ಬೈಬಲ್ಲಿನಲ್ಲಿಯೂ ಇದೆ. ಮೋವಾಬ್ ನಾಡಿನ ರೂತಳು ವಿಧವೆಯಾದ ಮೇಲೆ ಅತ್ತೆ ನವೊಮಿಯ ಜೊತೆ ಬೆತ್ಲೆಹೇಮಿಗೆ ಬಂದಳು. ಭಾಷೆ ಬೇರೆ, ಜನ ಬೇರೆ, ಕೈಯಲ್ಲಿ ಕಾಸಿಲ್ಲ. ಜವೆಗೋದಿಯ ಕೊಯ್ಲಿನ ಕಾಲ. ಹೊಲಕ್ಕೆ ಹೋಗಿ ಹಕ್ಕಲು ಆಯಲೇ ಎಂದು ಅವಳು ಅತ್ತೆಯನ್ನು ಕೇಳಿದಳು. ಕಡಲೆಕಾಯಿ ಕಿತ್ತ ಹೊಲದಲ್ಲಿ ಹಕ್ಕಲು ಆಯ್ದು ಗೊತ್ತಿರುವ ನಮ್ಮ ಕಡೆಯ ತಾಯಂದಿರಿಗೆ ಆ ಕೆಲಸದ ಕಷ್ಟ ತಿಳಿದಿದೆ. ನವೊಮಿ ಏನು ಮಾಡಿದಳು? ಜನ ಏನಂದಾರು ಎನ್ನಲಿಲ್ಲ. ಮಗಳೇ ಎಂದು ಕರೆದು ಹೋಗಿ ಬಾ ಎಂದಳು. ಹೊಲದ ಒಡೆಯನಾದ ಬೋವಜನು ಇನ್ನೂ ಒಂದು ಹೆಜ್ಜೆ ಮುಂದೆ ಹೋದ: ಕಟ್ಟಿನಿಂದ ಕೆಲವು ತೆನೆಗಳನ್ನು ಬೇಕೆಂದೇ ಅವಳಿಗಾಗಿ ಬಿಟ್ಟು ಹೋಗಿರೆಂದು ಆಳುಗಳಿಗೆ ಹೇಳಿದ. ಆ ರೂತಳ ವಂಶದಲ್ಲಿಯೇ ದಾವೀದನು ಹುಟ್ಟಿದ. ಯೇಸುಸ್ವಾಮಿಯ ವಂಶಾವಳಿಯಲ್ಲಿ ಅವಳ ಹೆಸರು ಸೇರಿತು. ಇದೆಲ್ಲ ಒಬ್ಬ ಅತ್ತೆ ಸೊಸೆಗೆ ಹೋಗಿ ಬಾ ಎಂದ ಆ ಬೆಳಗಿನಿಂದ ಆರಂಭವಾಯಿತು.

"ಅದೆಲ್ಲ ಸರಿ ಫಾದರ್, ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಅಷ್ಟು ದೂರದ ಓದು ಯಾಕೆ?" ಎಂದು ಕೇಳುವವರಿದ್ದಾರೆ. ಗಂಡುಮಕ್ಕಳ ವಿಷಯದಲ್ಲಿ ನಾವು ಹೀಗೆ ಕೇಳಿದ್ದೇವೆಯೇ? ಮುದ್ದೇನಹಳ್ಳಿಯಲ್ಲಿ 1861ರಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರು ಬೆಂಗಳೂರಿನ ಓದು ಮುಗಿಸಿ ಎಂಜಿನಿಯರಿಂಗ್‌ಗಾಗಿ ಪುಣೆಗೆ ಹೋದರು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಮನೆಯ ಎಚ್. ನರಸಿಂಹಯ್ಯನವರು 1935ರಲ್ಲಿ ಓದಿಗಾಗಿ ಬೆಂಗಳೂರಿಗೆ ನಡೆದೇ ಹೋದರು. ಮುಂದೆ ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಪರಮಾಣು ಭೌತಶಾಸ್ತ್ರದಲ್ಲಿ 1960ರಲ್ಲಿ ಡಾಕ್ಟರೇಟ್ ಪಡೆದರು. ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾದರು. ಇಬ್ಬರ ಹೆಸರನ್ನೂ ಹೆಮ್ಮೆಯಿಂದ ಹೇಳುತ್ತೇವೆ. ಮಗ ಊರು ಬಿಟ್ಟರೆ ಸಾಧನೆ, ಮಗಳು ಪುಸ್ತಕ ಹಿಡಿದರೆ ಹಟ ಎನ್ನುವುದು ಯಾವ ನ್ಯಾಯ?

ಹೆಣ್ಣುಮಕ್ಕಳ ಉದಾಹರಣೆಗೂ ನಮ್ಮ ನಾಡಿನಲ್ಲಿ ಕೊರತೆಯಿಲ್ಲ. 1922ರಲ್ಲಿ ಹುಟ್ಟಿದ ರಾಜೇಶ್ವರಿ ಚಟರ್ಜಿಯವರು ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎಂದು ಹೆಸರಾದವರು. 1947ರ ಜುಲೈನಲ್ಲಿ, ದೇಶಕ್ಕೆ ಸ್ವಾತಂತ್ರ್ಯ ಬರಲು ಇನ್ನೊಂದು ತಿಂಗಳಿದ್ದಾಗ, ವಿದ್ಯಾರ್ಥಿವೇತನದ ಬಲದಿಂದ ಹಡಗು ಹತ್ತಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯಕ್ಕೆ ಹೋದರು. ಡಾಕ್ಟರೇಟ್ ಪಡೆದು 1953ರಲ್ಲಿ ಹಿಂದಿರುಗಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕಿಯಾದರು. ಅವರ ಅಜ್ಜಿ ಕಮಲಮ್ಮ ದಾಸಪ್ಪನವರು ಮೈಸೂರು ಸಂಸ್ಥಾನದ ಮೊದಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು. ಹೆಣ್ಣುಮಕ್ಕಳ ವಿದ್ಯೆಗಾಗಿ ದುಡಿದವರು. ಗಮನಿಸಿ: ಮೊಮ್ಮಗಳು ಹಡಗು ಹತ್ತುವ ಎಷ್ಟೋ ಮೊದಲೇ ಮನೆಯ ಅಜ್ಜಿ ಬಾಗಿಲು ತೆಗೆದಿಟ್ಟಿದ್ದರು.

ನಮ್ಮ ಕಾಲಕ್ಕೆ ಬಂದರೆ, ಮೈಸೂರಿನಲ್ಲಿ ಹುಟ್ಟಿದ ಅನಿಮಾ ಆನಂದ್‌ಕುಮಾರ್ ಅವರಿದ್ದಾರೆ. ಅವರ ತಂದೆತಾಯಿ ಇಬ್ಬರೂ ಎಂಜಿನಿಯರುಗಳು. ಮದ್ರಾಸಿನ ಐ.ಐ.ಟಿ.ಯಲ್ಲಿ 2004ರಲ್ಲಿ ಪದವಿ ಮುಗಿಸಿ, ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದಿಂದ 2009ರಲ್ಲಿ ಡಾಕ್ಟರೇಟ್ ಪಡೆದು, 2017ರಲ್ಲಿ ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್‌ನಲ್ಲಿ ಪ್ರಾಧ್ಯಾಪಕಿಯಾದರು. ಯಂತ್ರಗಳು ಮಾಹಿತಿಯಿಂದ ತಾವೇ ಕಲಿಯುವಂತೆ ಮಾಡುವ ವಿದ್ಯೆಯಲ್ಲಿ ಅವರದು ದೊಡ್ಡ ಹೆಸರು.

ಈ ಕಂಪ್ಯೂಟರ್ ಸೈನ್ಸ್ ಎಂದರೆ ಬರೀ ಟೈಪಿಂಗ್ ಎಂದು ತಿಳಿದವರು ಇನ್ನೂ ಇದ್ದಾರೆ. ಅಲ್ಲ. ದೊಡ್ಡ ಸಮಸ್ಯೆಯೊಂದನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಬಿಡಿಸಿ, ಎಲ್ಲಿಯೂ ಎಡವದಂತೆ ಜೋಡಿಸುವ ವಿದ್ಯೆ ಅದು. ಸೆಮಿನರಿಯಲ್ಲಿ ನಾವು ಅರಿಸ್ಟಾಟಲನ ತರ್ಕಶಾಸ್ತ್ರ ಓದಿದೆವು. ಆ ತರ್ಕಕ್ಕೆ ಜಾರ್ಜ್ ಬೂಲ್ ಎಂಬ ಗಣಿತಜ್ಞ 1854ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಬೀಜಗಣಿತದ ರೂಪ ಕೊಟ್ಟ. ಸತ್ಯ, ಅಸತ್ಯ ಎಂಬ ಎರಡೇ ಬೆಲೆಗಳ ಆ ಲೆಕ್ಕವೇ ಇಂದಿಗೂ ಕಂಪ್ಯೂಟರಿನ ಒಳಗೆ ನಡೆಯುತ್ತಿದೆ. ಗುರುವಾಗುವವನಿಗೆ ತರ್ಕ ಬೇಕು, ಮಗುವಿನ ತಾಯಿಗೆ ಬೇಡ ಎಂದು ದೇವರು ಎಲ್ಲಿಯೂ ಹೇಳಿಲ್ಲ. ದೇವರ ಕೃಪೆ ಮನುಷ್ಯಸ್ವಭಾವವನ್ನು ಅಳಿಸುವುದಿಲ್ಲ, ಅದನ್ನು ಪೂರ್ಣಗೊಳಿಸುತ್ತದೆ ಎಂಬುದು ಸಂತ ತೋಮಸ್ ಅಕ್ವಿನಾಸರ ಬೋಧನೆ. ಹಾಗಿದ್ದರೆ ವಿವಾಹ ಸಂಸ್ಕಾರದ ಕೃಪೆಯೂ ಹೆಣ್ಣಿನ ಬುದ್ಧಿಯನ್ನು ಅಳಿಸಲು ಬಂದದ್ದಲ್ಲ.

"ಮಗುವಿನ ಗತಿ?" ಇದು ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರ ನನಗೆ ಒಬ್ಬ ಕನ್ಯಾಸ್ತ್ರೀಯ ಬದುಕಿನಲ್ಲಿ ಸಿಕ್ಕಿತು. ಅಮೆರಿಕದ ಸಿಸ್ಟರ್ ಮೇರಿ ಕೆನೆತ್ ಕೆಲ್ಲರ್ 1932ರಲ್ಲಿ ಕನ್ಯಾಮಠ ಸೇರಿದವರು. 1965ರಲ್ಲಿ, ಐವತ್ತು ದಾಟಿದ ವಯಸ್ಸಿನಲ್ಲಿ, ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಿಂದ ಕಂಪ್ಯೂಟರ್ ಸೈನ್ಸ್‌ನಲ್ಲಿ ಡಾಕ್ಟರೇಟ್ ಪಡೆದರು. ಆ ದೇಶದಲ್ಲಿ ಈ ಪದವಿ ಪಡೆದ ಮೊದಲಿಗರ ಸಾಲಿನಲ್ಲಿ ಅವರಿದ್ದಾರೆ. ಮಹಿಳೆಯರಲ್ಲಂತೂ ಅವರೇ ಮೊದಲು. ಅಯೋವಾ ರಾಜ್ಯದ ಕ್ಲಾರ್ಕ್ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ವಿಭಾಗ ಸ್ಥಾಪಿಸಿ ಇಪ್ಪತ್ತು ವರ್ಷ ನಡೆಸಿದರು. ಓದಲು ಬಂದ ತಾಯಂದಿರಿಗೆ, ಕೂಸನ್ನು ತರಗತಿಗೇ ಕರೆದುಕೊಂಡು ಬನ್ನಿ ಎಂದು ಅವರು ಹೇಳುತ್ತಿದ್ದರಂತೆ. ಮಗುವೋ ಪುಸ್ತಕವೋ ಎಂದು ನಾನು ಕೇಳಿದ್ದೆ. ಎರಡಕ್ಕೂ ಜಾಗವಿರುವ ಕೋಣೆಯನ್ನು ಆ ಸಿಸ್ಟರ್ ಮಾಡಿಕೊಟ್ಟರು.

ಸಂತ ಎರಡನೇ ಜಾನ್ ಪಾಲರು 1995ರ ಜೂನ್ 29ರಂದು ಜಗತ್ತಿನ ಮಹಿಳೆಯರಿಗೆ ಬರೆದ ಪತ್ರದಲ್ಲಿ ತಾಯಂದಿರಿಗೆ, ಮಡದಿಯರಿಗೆ ಕೃತಜ್ಞತೆ ಹೇಳಿದಂತೆಯೇ ದುಡಿಯುವ ಮಹಿಳೆಯರಿಗೂ ಕೃತಜ್ಞತೆ ಹೇಳಿದರು. ಮಹಿಳೆಯರಿಗಾದ ಅನ್ಯಾಯದಲ್ಲಿ ಧರ್ಮಸಭೆಯ ಮಕ್ಕಳ ಪಾಲೂ ಇದ್ದರೆ ಅದಕ್ಕಾಗಿ ವಿಷಾದಿಸಿದರು. ಜಗದ್ಗುರುಗಳೇ ವಿಷಾದಿಸಿದ ಮೇಲೆ ಒಬ್ಬ ಸಾಮಾನ್ಯ ಧರ್ಮಕೇಂದ್ರದ ಗುರುವಿಗೆ ನಾಚಿಕೆ ಏಕೆ?

ಇನ್ನೊಂದು ಎಚ್ಚರಿಕೆಯ ಮಾತು. ತಲಾಂತನ್ನು ಹೂಳುವುದು ಒಂದು ಪಾಪವಾದರೆ, ಮಾರುವುದು ಇನ್ನೊಂದು. ಒಳ್ಳೆಯ ವರ ಸಿಗಲೆಂದು ಮಾತ್ರ ಮಗಳನ್ನು ಬಿ.ಇ. ಓದಿಸಿ, ತಾಳಿ ಕಟ್ಟಿದ ಮೇಲೆ ಸರ್ಟಿಫಿಕೇಟನ್ನು ಬೀರುವಿಗೆ ಸೇರಿಸುವ ಮನೆಗಳಿವೆ. ಡಾಲರಿನ ಆಸೆಗೆ ಮನಸ್ಸಿಲ್ಲದವಳನ್ನು ಬಲವಂತವಾಗಿ ಓದಿಸುವ ಮನೆಗಳೂ ಇವೆ. ಎರಡರಲ್ಲಿಯೂ ಅವಳನ್ನು ಯಾರೂ ಕೇಳಿಲ್ಲ. ಮನೆಯಲ್ಲಿದ್ದು ಮಗುವನ್ನು ನೋಡಿಕೊಳ್ಳುತ್ತೇನೆಂದು ಅವಳೇ ಸಂತೋಷದಿಂದ ಹೇಳಿದರೆ ಅದೂ ದೇವರ ಕರೆಯೇ. ಕೇಳದೆ ತೀರ್ಮಾನಿಸುವುದು ಮಾತ್ರ ತಪ್ಪು.

ಮಕ್ಕಳು ಪರದೇಶದಲ್ಲಿರುವ ಕುಟುಂಬಗಳು ಕೆಲವು ವಿಷಯ ತಿಳಿದಿರಬೇಕು. ಅಮೆರಿಕದಲ್ಲಿ ಎಚ್-4 ವೀಸಾದವರಿಗೆ ಓದಲು ಅಡ್ಡಿಯಿಲ್ಲ. ದುಡಿಯಲು ಮಾತ್ರ ಪ್ರತ್ಯೇಕ ಅನುಮತಿ ಬೇಕು. ಗಂಡನ ಖಾಯಂ ವಾಸದ ಅರ್ಜಿ ಒಂದು ಹಂತ ತಲುಪಿದವರಿಗೆ ಆ ದಾರಿ ತೆರೆದದ್ದು 2015ರ ಮೇ ತಿಂಗಳಲ್ಲಿ. ವಿದ್ಯಾರ್ಥಿಯ ಎಫ್-1 ವೀಸಾದ ದಾರಿ ಬೇರೆ. ನಿಯಮಗಳು ಬದಲಾಗುತ್ತಿರುತ್ತವೆ. ಆದ್ದರಿಂದ ಪರಿಚಯದವರ ಮಾತು ನಂಬಿ ಸಾಲ ಮಾಡಬೇಡಿ. ಕಾಲೇಜಿನ ವಿದೇಶಿ ವಿದ್ಯಾರ್ಥಿಗಳ ಕಚೇರಿಯಲ್ಲಿ ವಿಚಾರಿಸಿ. ಅಲ್ಲಿ ಕಮ್ಯುನಿಟಿ ಕಾಲೇಜುಗಳೆಂಬ ಎರಡು ವರ್ಷದ ಕಾಲೇಜುಗಳಿವೆ. ಅಲ್ಲಿ ಒಂದೆರಡು ವಿಷಯದಿಂದ ಆರಂಭಿಸಿ ಮುಂದೆ ವಿಶ್ವವಿದ್ಯಾನಿಲಯಕ್ಕೆ ಸೇರಬಹುದು.

ಆ ಸೊಸೆಯ ಸುದ್ದಿ ಹೇಳಿ ಮುಗಿಸುತ್ತೇನೆ. ಅಂದು ಅಂಗಳದಲ್ಲಿ ನಾನು ತಡವಾಗಿಯಾದರೂ ಕೇಳಿದೆ: "ನಿನ್ನ ಮನಸ್ಸಲ್ಲೇನಿದೆ ಮಗಳೇ?" ಅವಳು ಹೇಳಿದಳು. ಮರುದಿನ ನಾನು ಅವಳ ಅತ್ತೆಯ ಮನೆಗೆ ಹೋಗಿ, "ಅಮ್ಮಾ, ನಾನು ಅವತ್ತು ಹೇಳಿದ್ದು ತಪ್ಪು" ಎಂದೆ. ಆ ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ನನಗೂ ಓದೋ ಆಸೆ ಇತ್ತು ಫಾದರ್. ಏಳನೇ ಕ್ಲಾಸಿಗೆ ಬಿಡಿಸಿದ್ರು" ಎಂದರು. ಅವರನ್ನೂ ಯಾರೂ ಕೇಳಿರಲಿಲ್ಲ.

ಸೊಸೆ ಈಗ ಸಂಜೆಯ ತರಗತಿಗಳಲ್ಲಿ ಓದುತ್ತಿದ್ದಾಳೆ. ಒಂದು ವಿಷಯದಲ್ಲಿ ಫೇಲಾಗಿ ಮತ್ತೆ ಕಟ್ಟಿದಳು. ಪದವಿ ಮುಗಿದಿಲ್ಲ, ಕೆಲಸ ಸಿಗುವ ಭರವಸೆಯೂ ಇಲ್ಲ. ತರಗತಿಯ ದಿನಗಳಲ್ಲಿ ಗಂಡನೇ ಅನ್ನಕ್ಕಿಡುತ್ತಾನೆ. ಅಲ್ಲಿ ಸಂಜೆಯಾದಾಗ ಇಲ್ಲಿ ಬೆಳಗಿನ ಜಾವ. ಆ ಹೊತ್ತಿನಲ್ಲಿ ಚಿಕ್ಕಬಳ್ಳಾಪುರದ ಅಜ್ಜಿ ಫೋನ್ ಹಿಡಿದು ಕೂತು, ಪರದೆಯ ಮೇಲಿನ ಮೊಮ್ಮಗುವಿಗೆ ಕಥೆ ಹೇಳಿ, ನಮೋ ಮರಿಯಾ ಹೇಳಿಸಿ ಮಲಗಿಸುತ್ತಾರೆ. ಬೋವಜನು ಬೇಕೆಂದೇ ಬಿಟ್ಟ ತೆನೆಗಳೆಂದರೆ ಇವೇ ಅಲ್ಲವೇ?

ಪ್ರಿಯ ಓದುಗರೇ, ಈ ವಾರ ನಿಮ್ಮ ಮನೆಯ ಮಗಳನ್ನೋ ಸೊಸೆಯನ್ನೋ ಹತ್ತಿರ ಕೂರಿಸಿಕೊಂಡು ಒಂದೇ ಪ್ರಶ್ನೆ ಕೇಳಿ: ದೇವರು ನಿನಗೆ ಏನು ಕೊಟ್ಟಿದ್ದಾನೆ, ಅದನ್ನು ಏನು ಮಾಡಬೇಕೆಂದಿದ್ದೀಯ? ಕೇಳಿದ ಮೇಲೆ ಸುಮ್ಮನಿರಿ. ಅವಳು ಹೇಳಿ ಮುಗಿಸುವವರೆಗೂ ಸುಮ್ಮನಿರಿ. ನನಗೆ ಕಷ್ಟವಾದದ್ದು ಅದೇ.

ಓ ಪ್ರಭುವೇ, ನೀವು ಕೊಟ್ಟದ್ದನ್ನು ಹೂತಿಡುವ ಗುದ್ದಲಿಯನ್ನು ನಮ್ಮ ಕೈಯಿಂದ ತೆಗೆದುಹಾಕಿರಿ. ಪರದೇಶದಲ್ಲಿ ಒಂಟಿಯಾಗಿ ಓದುತ್ತಿರುವ ನಮ್ಮ ಹೆಣ್ಣುಮಕ್ಕಳ ಜೊತೆಗಿರಿ. ನಮಗೆ ನವೊಮಿಯ ಮನಸ್ಸನ್ನು ಕೊಡಿರಿ. ಆಮೆನ್.